ಎಷ್ಟನೇ ಮಹಡಿ, ಯಾವ ನೀರು?

ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಹತ್ತಿರ ಫ್ರಿಜ್, ವಾಷಿಂಗ್ ಮಷೀನ್, ಗೀಸರ್ ಮಾರುವ ಒಂದು ಅಂಗಡಿ ಇದೆ. ಸಂಜೆ ಆ ಕಡೆ ಹೋದಾಗ ಅಲ್ಲಿ ಸ್ವಲ್ಪ ಹೊತ್ತು ಕುಳಿತು ಯಜಮಾನರೊಂದಿಗೆ ಮಾತನಾಡಿ ಬರುವುದು ನನಗೆ ಬಹಳ ಕಾಲದ ರೂಢಿ. ಹಾಗೆ ಕುಳಿತಾಗ ಪದೇ ಪದೇ ಕಾಣುವ ಒಂದು ನೋಟ ನನ್ನನ್ನು ಕಾಡುತ್ತ ಬಂದಿದೆ. ಗಂಡ ಹೆಂಡತಿ ಬರುತ್ತಾರೆ, ಫ್ರಿಜ್ಜಿನ ಬಾಗಿಲು ತೆಗೆದು ತರಕಾರಿಯ ಡಬ್ಬಿ ಎಳೆದು ನೋಡುತ್ತಾರೆ, ನಾಲ್ಕು ಜನರ ಸಂಸಾರಕ್ಕೆ ಎಷ್ಟು ಲೀಟರಿನದು ಸಾಕು, ಮೂರು ಸ್ಟಾರಿನದಕ್ಕೂ ಐದು ಸ್ಟಾರಿನದಕ್ಕೂ ಕರೆಂಟ್ ಬಿಲ್ಲಿನಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ, ಸ್ಟೆಬಿಲೈಸರ್ ಬೇಕೋ ಬೇಡವೋ ಎಂದೆಲ್ಲ ಕೇಳುತ್ತಾರೆ. ಯಜಮಾನರು ಬೇಸರಿಸದೆ ಒಂದೊಂದಕ್ಕೂ ಉತ್ತರ ಕೊಡುತ್ತಾರೆ. ಕೊನೆಗೆ ಗಂಡ ಮಾಡೆಲ್ ನಂಬರಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, 'ಮನೇಲಿ ಮಾತಾಡ್ಕೊಂಡು ಬರ್ತೀವಿ ಸಾರ್' ಎನ್ನುತ್ತಾನೆ. ಅವರು ಮತ್ತೆ ಬರುವುದಿಲ್ಲ. ಫೋಟೊ ಕತ್ತರಿಗುಪ್ಪೆಯ ದೊಡ್ಡ ಮಳಿಗೆಗೋ ಫೋನಿನೊಳಗಿನ ಅಂಗಡಿಗೋ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿರುತ್ತದೆ.

ಯಜಮಾನರಿಗೆ ಇದರಿಂದ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಸಿಟ್ಟು ಬರುವುದು ನನಗೆ. ಆದರೆ ಆ ಸಿಟ್ಟಿಗೆ ಕಾರಣ ಹುಡುಕಲು ಹೊರಟರೆ ಅದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ವಸ್ತು ಅದೇ, ತಯಾರಾದ ಕಾರ್ಖಾನೆ ಅದೇ, ಕಂಪನಿ ಕೊಡುವ ವಾರಂಟಿ ಕಾರ್ಡೂ ಅದೇ. ಹೀಗಿರುವಾಗ ಎರಡು ಸಾವಿರ ಕಡಿಮೆಗೆ ಸಿಗುವಲ್ಲಿ ಕೊಳ್ಳುವವರನ್ನು ತಪ್ಪಿತಸ್ಥರೆನ್ನಲು ಬರುವುದಿಲ್ಲ. ಸಣ್ಣ ವ್ಯಾಪಾರಿಯನ್ನು ಉಳಿಸಿ ಎಂಬ ಕರೆಯ ಮೇಲೂ ನನಗೆ ಹೆಚ್ಚು ನಂಬಿಕೆ ಇಲ್ಲ. ವ್ಯಾಪಾರವೇನು ಧರ್ಮಛತ್ರವಲ್ಲ, ಅದನ್ನು ದಾನ ಕೊಟ್ಟು ನಡೆಸಬೇಕಾದ ಅಗತ್ಯ ಗಿರಾಕಿಗಿಲ್ಲ. ಆದರೂ ಆ ಫೋಟೊ ತೆಗೆಯುವ ಕ್ಷಣದಲ್ಲಿ ಏನೋ ಒಂದು ಕೈ ಬದಲಾಯಿತು, ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ ಎಂಬ ಭಾವನೆ ಹೋಗುವುದಿಲ್ಲ.

ಯಜಮಾನರ ಪ್ರಶ್ನೆಗಳು

ನಾವು ಈಗಿರುವ ಮೂರನೇ ಮಹಡಿಯ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಹಳೆಯ ವಾಷಿಂಗ್ ಮಷೀನ್ ಕೈಕೊಟ್ಟಿತ್ತು. ನಾನೂ ಹೆಂಡತಿಯೂ ಫ್ರಂಟ್ ಲೋಡ್ ಯಂತ್ರವನ್ನೇ ಕೊಳ್ಳುವುದೆಂದು ತೀರ್ಮಾನಿಸಿ, ಯಾವ ಮಾಡೆಲ್ ಎಂಬುದನ್ನೂ ನಿಶ್ಚಯಿಸಿಕೊಂಡು, ಬೆಲೆ ಕೇಳುವುದಕ್ಕಷ್ಟೇ ಅಂಗಡಿಗೆ ಹೋಗಿದ್ದೆವು. ಯಜಮಾನರು ಬೆಲೆ ಹೇಳಲಿಲ್ಲ. 'ಎಷ್ಟನೇ ಮಹಡಿ ಸಾರ್?' ಎಂದರು. ಮೂರನೆಯದು ಎಂದೆ. 'ಅದರ ಮೇಲೆ?' ತಾರಸಿ, ಸಿಂಟೆಕ್ಸ್ ಟ್ಯಾಂಕು. 'ಟ್ಯಾಂಕನ್ನ ಸ್ಟ್ಯಾಂಡ್ ಮೇಲೆ ಕೂರಿಸಿದ್ದಾರೋ, ತಾರಸಿ ಮೇಲೇ ಇಟ್ಟಿದ್ದಾರೋ?' ಅದು ನನಗೆ ಗೊತ್ತಿರಲಿಲ್ಲ. 'ನೀರು ಯಾವುದು, ಕಾವೇರಿನೋ ಬೋರೋ?' ಅದೂ ಖಚಿತವಿರಲಿಲ್ಲ. 'ಮೆಟ್ಟಿಲು ತಿರುಗೋ ಕಡೆ ಎಷ್ಟು ಅಗಲ ಇದೆ?' ಪ್ರಶ್ನೆಗಳೆಲ್ಲ ನನ್ನ ಕಡೆಗೆ ಬರುತ್ತಿದ್ದವು, ಉತ್ತರಗಳೆಲ್ಲ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಬಳಿ ಇದ್ದವು. ವಾರದಲ್ಲಿ ಎರಡು ದಿನ ಕಾವೇರಿ, ಮಿಕ್ಕ ದಿನ ಓನರ್ ಬೋರಿನ ನೀರನ್ನು ಸಂಪಿಗೆ ಬಿಡುತ್ತಾರೆ, ಟ್ಯಾಂಕು ತಾರಸಿಯ ಮೇಲೇ ಇದೆ, ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಎಂದು ಆಕೆಯೇ ಹೇಳಿದಳು.

'ಹಾಗಾದ್ರೆ ಫ್ರಂಟ್ ಲೋಡ್ ಬೇಡ ಸಾರ್' ಎಂದರು ಯಜಮಾನರು. 'ನೀರು ತುಂಬೋಕೇ ಕಾಯ್ತಾ ಕೂರಬೇಕು. ಆಮೇಲೆ ಎರರ್ ತೋರಿಸತ್ತೆ. ನೀವು ನನಗೆ ಫೋನ್ ಮಾಡ್ತೀರಿ.'

ಅವರು ಹೇಳಿದ್ದರ ಹಿಂದಿನ ಲೆಕ್ಕವನ್ನು ನಾನು ಆಮೇಲೆ ಬಿಡಿಸಿಕೊಂಡೆ. ಹತ್ತು ಮೀಟರ್ ಎತ್ತರದಿಂದ ಇಳಿದ ನೀರು ನಲ್ಲಿಯಲ್ಲಿ ಹೆಚ್ಚುಕಡಿಮೆ 1 ಬಾರ್ ಒತ್ತಡ ಕೊಡುತ್ತದೆ. ಅಂದರೆ ಮೂರು ಅಂತಸ್ತಿನ ಕಟ್ಟಡದಲ್ಲಿ ನೆಲಮಹಡಿಯವರಿಗೆ ಸಿಗುವ ಒತ್ತಡ ಧಾರಾಳ. ತಾರಸಿಯ ಕೆಳಗೇ ಇರುವವರಿಗೆ ಸಿಗುವುದು ಅದರ ಕಾಲುಭಾಗವಿದ್ದರೆ ಹೆಚ್ಚು. ಫ್ರಂಟ್ ಲೋಡ್ ಯಂತ್ರಗಳ ಕೈಪಿಡಿಯನ್ನು ತೆರೆದು ನೋಡಿದರೆ, ಕಂಪನಿಗೆ ತಕ್ಕಂತೆ 0.3 ಬಾರ್‌ನಿಂದ 1 ಬಾರ್‌ವರೆಗೆ ಕನಿಷ್ಠ ಒತ್ತಡ ಬೇಕೆಂದು ಬರೆದಿರುತ್ತದೆ. ಅದು ಸಿಗದಿದ್ದರೆ ತಾರಸಿಯ ಮೇಲೆ ಪ್ರೆಷರ್ ಪಂಪು ಕೂರಿಸಬೇಕು, ಬಾಡಿಗೆಯವರಿಗೆ ಅದಕ್ಕೆ ಓನರ್ ಒಪ್ಪಿಗೆಯೂ ಬೇಕು. ಇನ್ನು ಬೋರಿನ ನೀರಿನ ಗಡಸು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅಂಥ ನೀರನ್ನು ದಿನವೂ ಕಾಯಿಸಿದರೆ ಯಂತ್ರದ ಹೀಟರಿನ ಮೇಲೆ ಸುಣ್ಣದಂಥ ಬಿಳಿಯ ಪದರ ಕಟ್ಟುತ್ತದೆ. ಗೀಸರಿನ ಕಾಯಿಲ್ ಸುಟ್ಟುಹೋಗುವುದಕ್ಕೂ ಅದೇ ಕಾರಣ. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡುವ ಕೆಲಸ ಶುರುವಾದ ಮೇಲೂ ಬೋರು ಮತ್ತು ಟ್ಯಾಂಕರನ್ನು ನಂಬಿದ ಮನೆಗಳಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ.

ಕೊನೆಗೆ ನಾವು ಟಾಪ್ ಲೋಡ್ ಯಂತ್ರವನ್ನು ತಂದೆವು. ಅದರ ಬೆಲೆ ನಾವು ಖರ್ಚು ಮಾಡಲು ಸಿದ್ಧರಾಗಿದ್ದುದಕ್ಕಿಂತ ಸಾಕಷ್ಟು ಕಡಿಮೆಯಿತ್ತು. ಅಂದರೆ ಯಜಮಾನರು ತಮ್ಮ ಲಾಭವನ್ನೇ ಕಡಿಮೆ ಮಾಡಿಕೊಂಡು ನಮಗೆ ಬುದ್ಧಿ ಹೇಳಿದ್ದರು. ಇದನ್ನು ಅವರ ಒಳ್ಳೆಯತನ ಎಂದು ಬರೆದು ಮುಗಿಸುವುದು ಸುಲಭ, ಆದರೆ ಅವರೇ ಬೇರೆ ಕಾರಣ ಕೊಟ್ಟಿದ್ದರಲ್ಲವೇ? 'ನೀವು ನನಗೆ ಫೋನ್ ಮಾಡ್ತೀರಿ' ಎಂಬ ಮಾತಿನಲ್ಲೇ ಆ ಕಾರಣ ಇತ್ತು. ಮಾರಿದ ವಸ್ತು ಸರಿಹೋಗದಿದ್ದರೆ ಗಿರಾಕಿ ನಾಳೆ ಹಾಲು ತರಲು ಇದೇ ರಸ್ತೆಯಲ್ಲಿ ನಡೆದು ಬರುತ್ತಾನೆ, ಅಂಗಡಿಯ ಮುಂದೆ ನಿಲ್ಲುತ್ತಾನೆ. ಆ ತಾಪತ್ರಯವನ್ನು ಮೊದಲೇ ತಪ್ಪಿಸಿಕೊಳ್ಳುವುದು ವ್ಯಾಪಾರದ ಜಾಣತನ. ನನಗೆ ಈ ವಿವರಣೆ ಒಳ್ಳೆಯತನಕ್ಕಿಂತ ಹೆಚ್ಚು ನೆಚ್ಚಿಕೆಯದಾಗಿ ಕಾಣುತ್ತದೆ.

ಬೆಲೆಯ ಲೆಕ್ಕ

ದೊಡ್ಡ ಮಳಿಗೆ ಅಗ್ಗ, ಚಿಕ್ಕ ಅಂಗಡಿ ದುಬಾರಿ ಎಂಬ ತಿಳಿವಳಿಕೆಯೂ ಪೂರ್ತಿ ನಿಜವಲ್ಲ. ಎಮ್ಮಾರ್ಪಿಯ ಮೇಲೆ ಇಷ್ಟು ಶೇಕಡ ಕಡಿತ ಎಂದು ಫಲಕ ಹಾಕುವುದು ಗೃಹೋಪಯೋಗಿ ವಸ್ತುಗಳ ಮಟ್ಟಿಗೆ ಬರೀ ಅಲಂಕಾರ. ಆ ಬೆಲೆಗೆ ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ವ್ಯಾಪಾರಿಗಳು ತಮ್ಮೊಳಗೆ ಆಡುವ ಲೆಕ್ಕ ಎಂ.ಒ.ಪಿ., ಅಂದರೆ ಮಾರುಕಟ್ಟೆಯಲ್ಲಿ ಆ ವಸ್ತು ನಿಜವಾಗಿ ಯಾವ ಬೆಲೆಗೆ ಹೋಗಬೇಕೆಂದು ಕಂಪನಿ ಅಪೇಕ್ಷಿಸುತ್ತದೆಯೋ ಆ ಅಂಕಿ. ಅದರ ಕೆಳಗೆ ಎಷ್ಟು ಇಳಿಯಲು ಸಾಧ್ಯ ಎಂಬುದನ್ನು ತಿಂಗಳ ಟಾರ್ಗೆಟ್ಟು, ಕಂಪನಿಯ ಸ್ಕೀಮು, ಆಮೇಲೆ ಕಂಪನಿ ಡೀಲರಿನ ಲೆಕ್ಕಕ್ಕೆ ಜಮಾ ಮಾಡಲಿರುವ ಹಣದ ಕ್ರೆಡಿಟ್ ನೋಟು ಇವೆಲ್ಲ ಸೇರಿ ನಿರ್ಧರಿಸುತ್ತವೆ. ಹೀಗಾಗಿ ತಿಂಗಳ ಕೊನೆಯ ವಾರದಲ್ಲಿ, ಇನ್ನು ನಾಲ್ಕು ಪೀಸು ಹೋದರೆ ಸ್ಕೀಮಿನ ಮುಂದಿನ ಹಂತಕ್ಕೆ, ಅಂದರೆ ಸ್ಲ್ಯಾಬಿಗೆ, ದಾಟುತ್ತೇನೆ ಎನ್ನುವಂತಿರುವ ಚಿಕ್ಕ ಡೀಲರ್, ದೊಡ್ಡ ಮಳಿಗೆಗಿಂತ ಕಡಿಮೆಗೆ ಕೊಟ್ಟಾನು. ಆಷಾಢದಲ್ಲಿ ಎಲ್ಲರೂ ಇಳಿಸುತ್ತಾರೆ. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿಯವರೆಗೆ ಎಲ್ಲರೂ ಉಡುಗೊರೆಯ ಕುಕ್ಕರ್ ಕೊಡುತ್ತಾರೆ. ಹೋಲಿಸಿ ನೋಡೋಣವೆಂದರೆ ಅದಕ್ಕೂ ತೊಡಕಿದೆ, ಏಕೆಂದರೆ ಕೆಲವು ಕಂಪನಿಗಳು ಒಂದೇ ಯಂತ್ರಕ್ಕೆ ಬಣ್ಣವನ್ನೋ ಹಿಡಿಯನ್ನೋ ಬದಲಿಸಿ, ಮಾಡೆಲ್ ನಂಬರಿನ ಕೊನೆಯ ಅಕ್ಷರ ಬೇರೆ ಮಾಡಿ, ಸರಣಿ ಮಳಿಗೆಗೊಂದು ಆನ್‌ಲೈನಿಗೊಂದು ಎಂದು ಹಂಚುತ್ತವೆ.

ತೆರಿಗೆಯಲ್ಲಂತೂ ಯಾರಿಗೂ ರಿಯಾಯಿತಿ ಇಲ್ಲ. ಫ್ರಿಜ್ ಮತ್ತು ವಾಷಿಂಗ್ ಮಷೀನಿನ ಜಿ.ಎಸ್.ಟಿ. 2018ರ ಜುಲೈನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು, ಎ.ಸಿ. ಮತ್ತು ದೊಡ್ಡ ಟಿ.ವಿ.ಗಳದ್ದು 2025ರ ಸೆಪ್ಟೆಂಬರ್ 22ರಂದು ಇಳಿಯಿತು. ಆದುದರಿಂದ 'ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡ್ತೀನಿ' ಎಂದು ಯಾವ ಅಂಗಡಿಯವರಾದರೂ ಹೇಳಿದರೆ ಅವರು ಕೊಡುತ್ತಿರುವುದು ತಮ್ಮ ಲಾಭದ ಪಾಲನ್ನಲ್ಲ, ಸರ್ಕಾರದ ಪಾಲನ್ನು. ಜೊತೆಗೆ ನಿಮ್ಮ ವಾರಂಟಿಯನ್ನು. ಚಿಕ್ಕ ಅಂಗಡಿಗಳ ಪರವಾಗಿ ಮಾತನಾಡುವವರು ಈ ಕೆಟ್ಟ ಚಾಳಿಯನ್ನು ಮುಚ್ಚಿಡಬಾರದು. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ದೊಡ್ಡ ಮಳಿಗೆಯವರ ಅಲಂಕಾರ ಬೇರೆ ಬಗೆಯದು: ಬಡ್ಡಿಯಿಲ್ಲದ ಕಂತು. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಆ ಬಡ್ಡಿಯನ್ನು ಎಲ್ಲೋ ಒಂದು ಕಡೆ ಯಾರೋ ತೆರುತ್ತಾರೆ. ನಗದು ಕೊಟ್ಟವನಿಗೆ ಸಿಗುವ ಕಡಿತ ಕಂತಿನವನಿಗೆ ಸಿಗದೆ ಹೋಗುವುದರಲ್ಲಿ, ಪ್ರೋಸೆಸಿಂಗ್ ಶುಲ್ಕದಲ್ಲಿ, ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ ಶೇ. 18ರ ಜಿ.ಎಸ್.ಟಿ.ಯಲ್ಲಿ ಅದು ಅಡಗಿ ಕುಳಿತಿರುತ್ತದೆ. ಅದರ ಮೇಲೆ ವಿಸ್ತರಿತ ವಾರಂಟಿ ಎಂಬ ಇನ್ನೊಂದು ಚೀಟಿ. ಅದು ಎಷ್ಟೋ ಸಲ ಕಂಪನಿಯದಾಗಿರುವುದೇ ಇಲ್ಲ, ಮೂರನೆಯವರದಾಗಿರುತ್ತದೆ. ಯಂತ್ರ ಕೆಟ್ಟ ದಿನವೇ ಆ ಮೂರನೆಯವರು ಯಾರೆಂದು ನಾವು ಹುಡುಕಲು ಶುರುಮಾಡುತ್ತೇವೆ.

ಒಟ್ಟಿನಲ್ಲಿ ಎರಡು ಕಡೆಯ ಬೆಲೆಯನ್ನು ನೇರಾನೇರ ಇಟ್ಟು ನೋಡಿದಾಗ, ನಾನು ಕಂಡಂತೆ, ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಿರುವುದಿಲ್ಲ. ಗಿರಾಕಿ ಅತ್ತ ಹೋಗುವುದಕ್ಕೆ ಬೆಲೆಯೊಂದೇ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ಲೆಕ್ಕ ಸರಿಹೋಗಬೇಕಿತ್ತು.

ರಿಪೇರಿ ಹೊರಗೆ ಹೋದದ್ದು

ಡೀಲರುಗಳ ಕೈ ಸೋತದ್ದು ಸರಣಿ ಮಳಿಗೆಗಳಿಂದ ಎಂದು ಎಲ್ಲರೂ ಹೇಳುತ್ತಾರೆ. ಕ್ರೋಮಾ ಶುರುವಾದದ್ದು 2006ರಲ್ಲಿ, ರಿಲಯನ್ಸ್ ಡಿಜಿಟಲ್ 2007ರಲ್ಲಿ; ನಮ್ಮೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ ಕೂಡ 2007ರದ್ದು. ಆದರೆ ಅದಕ್ಕಿಂತ ಹತ್ತು ವರ್ಷ ಮೊದಲೇ ಇನ್ನೊಂದು ಪಲ್ಲಟ ನಡೆದುಹೋಗಿತ್ತು ಎಂಬುದು ನನ್ನ ಎಣಿಕೆ. ಅದಕ್ಕೆ ಮೊದಲು ರೇಡಿಯೋ ಮಾರುವವನೇ ರೇಡಿಯೋ ರಿಪೇರಿ ಮಾಡುವವನು; ಟಿ.ವಿ. ಮಾರಿದವನೇ ತಾರಸಿ ಹತ್ತಿ ಆಂಟೆನಾ ತಿರುಗಿಸಿ, 'ಈಗ ಬಂತಾ?' ಎಂದು ಮೇಲಿನಿಂದ ಕೂಗುತ್ತಿದ್ದವನು. ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜು, ಸಾಲ್ಡರಿಂಗ್ ಕಬ್ಬಿಣ, ಬಿಚ್ಚಿಟ್ಟ ಎರಡು ಸೆಟ್ಟು ಇದ್ದೇ ಇರುತ್ತಿದ್ದವು. ಬಿಡಿಭಾಗ ಬೇಕಾದರೆ ಎಸ್.ಪಿ. ರಸ್ತೆಗೆ ಹುಡುಗನನ್ನು ಅಟ್ಟಿದರೆ ಸಂಜೆಯೊಳಗೆ ಬರುತ್ತಿತ್ತು. ಸ್ಯಾಮ್‌ಸಂಗ್ 1995ರಲ್ಲೂ ಎಲ್.ಜಿ. 1997ರಲ್ಲೂ ಈ ದೇಶಕ್ಕೆ ಬಂದ ಮೇಲೆ ಕಂಪನಿಗಳು ತಮ್ಮದೇ ಸರ್ವಿಸ್ ಕೇಂದ್ರಗಳ ಜಾಲ ಕಟ್ಟತೊಡಗಿದವು. ಗಿರಾಕಿಗೆ ಅದು ಅನುಕೂಲವೇ ಆಯಿತು, ಒಂದು ನಂಬರಿಗೆ ಫೋನ್ ಮಾಡಿದರೆ ಸಮವಸ್ತ್ರದವನು ಮನೆಗೆ ಬಂದ. ಆದರೆ ಆ ಮೇಜು ಅಂಗಡಿಯಿಂದ ಮಾಯವಾಯಿತು. ದೊಡ್ಡ ಮಳಿಗೆ ಬಂದಾಗ ಡೀಲರ್ ಆಗಲೇ ಪೆಟ್ಟಿಗೆ ಮಾರುವವನು ಮಾತ್ರ ಆಗಿದ್ದ. ಪೆಟ್ಟಿಗೆ ಮಾರುವ ಕೆಲಸದಲ್ಲಿ ದೊಡ್ಡ ಗೋದಾಮು ಇದ್ದವನೇ ಗೆಲ್ಲುವುದು ಸಹಜ. (ನಮ್ಮ ಗಿರಿಯಾಸ್, ಪೈ, ಆದೀಶ್ವರ್ ಇದನ್ನು ಬೇಗ ಅರ್ಥಮಾಡಿಕೊಂಡರು ಎನ್ನಬೇಕು. ಇಲ್ಲಿಯವರೇ ಆದ ಅವರು ತಾವೇ ಸರಣಿಗಳಾಗಿ ಬೆಳೆದರು. ಊರಿನ ಅಂಗಡಿ, ಹೊರಗಿನ ಮಳಿಗೆ ಎಂದು ಗೆರೆ ಎಳೆಯುವವರು ಇವರನ್ನು ಯಾವ ಕಡೆ ಇಡುತ್ತಾರೋ ನನಗೆ ತಿಳಿಯದು.)

ಯಂತ್ರಗಳೂ ಅದಕ್ಕೆ ತಕ್ಕಂತೆ ಬದಲಾದವು. ಈಗಿನ ಇನ್ವರ್ಟರ್ ಫ್ರಿಜ್ಜಿನಲ್ಲಿ, ವಾಷಿಂಗ್ ಮಷೀನಿನಲ್ಲಿ ತಾಪತ್ರಯ ಕೊಡುವುದು ಹೆಚ್ಚಾಗಿ ಒಳಗಿನ ಸರ್ಕ್ಯೂಟ್ ಬೋರ್ಡು. ಮಳಿಗೆಯ ಫಲಕದಲ್ಲಿ ದಪ್ಪ ಅಕ್ಷರದಲ್ಲಿರುವ ಹತ್ತು ವರ್ಷದ ವಾರಂಟಿ ಕಂಪ್ರೆಸರಿಗೆ ಅಥವಾ ಮೋಟರಿಗೆ ಸೇರಿದ್ದು. ಇಡೀ ಯಂತ್ರಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ವರ್ಷ. ವಾರಂಟಿಯಲ್ಲಿ ಕಂಪ್ರೆಸರ್ ಬದಲಾಯಿಸಿ ಕೊಟ್ಟರೂ ಗ್ಯಾಸ್ ತುಂಬಿಸುವುದಕ್ಕೆ, ಕೂಲಿಗೆ, ಸಾಗಣೆಗೆ ದುಡ್ಡು ಕೇಳುವುದುಂಟು. ಇದನ್ನು ಕೊಳ್ಳುವ ಮೊದಲೇ ಬಾಯಿಬಿಟ್ಟು ಹೇಳಿದವರು, ನನ್ನ ಅನುಭವದಲ್ಲಿ, ಆ ರಸ್ತೆಯ ಯಜಮಾನರೊಬ್ಬರೇ. ಅವರಿಗೂ ಈಗ ರಿಪೇರಿ ಮಾಡುವ ಶಕ್ತಿಯಿಲ್ಲ. ಅವರ ಕೈಯಲ್ಲಿ ಉಳಿದಿರುವುದು ಕಂಪನಿಯ ಏರಿಯಾ ಮ್ಯಾನೇಜರಿನ ನಂಬರು, ನಿಮ್ಮ ಪರವಾಗಿ ಆ ನಂಬರಿಗೆ ಫೋನ್ ಮಾಡುವ ದಾಕ್ಷಿಣ್ಯ. ದೊಡ್ಡ ಮಳಿಗೆಗೆ ಏರಿಯಾ ಮ್ಯಾನೇಜರ್ ತಾನಾಗಿಯೇ ಬರುತ್ತಾನೆ, ಆದರೆ ಬರುವುದು ನಿಮ್ಮ ಫ್ರಿಜ್ಜಿನ ಸಲುವಾಗಿ ಅಲ್ಲ.

ಚಿಕ್ಕಮ್ಮನ ತಕರಾರು

ಇಷ್ಟೆಲ್ಲವನ್ನು ನಾನು ಒಂದು ಭಾನುವಾರ ನಮ್ಮ ಚಿಕ್ಕಮ್ಮನಿಗೆ ಹೇಳಿ, ಅವರಿಗೆ ಬೇಕಾಗಿದ್ದ ಯಂತ್ರವನ್ನು ಯಜಮಾನರ ಹತ್ತಿರವೇ ಕೊಳ್ಳಲು ಒಪ್ಪಿಸಬೇಕೆಂದಿದ್ದೆ. ಚಿಕ್ಕಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕನಕಪುರ ರಸ್ತೆಯಾಚೆಯ ಬಡಾವಣೆಯಲ್ಲಿ ಒಬ್ಬರೇ ಇದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, 'ಮೊದಲು ನನ್ನ ಜೊತೆ ದೊಡ್ಡ ಅಂಗಡಿಗೆ ಬಾ' ಎಂದರು.

ಹೋದೆವು. ಹವಾನಿಯಂತ್ರಿತ ಸಭಾಂಗಣದಂಥ ಜಾಗ, ಸಾಲಾಗಿ ನಿಲ್ಲಿಸಿದ ಯಂತ್ರಗಳು, ಪ್ರತಿಯೊಂದರ ಮೇಲೂ ಬೆಲೆಯ ಚೀಟಿ. ನಗುನಗುತ್ತ ಬಂದ ಹುಡುಗ ಮಳಿಗೆಯ ನೌಕರ ಅಲ್ಲ, ಒಂದು ಕಂಪನಿ ತನ್ನ ಮಾಲಿನ ಪಕ್ಕದಲ್ಲಿ ನಿಲ್ಲಿಸಿರುವ ಪ್ರಮೋಟರ್ ಎಂಬುದು ಅವನ ಅಂಗಿಯ ಮೇಲಿನ ಹೆಸರಿನಿಂದ ತಿಳಿಯಿತು. ಇಂಥವರಿಗೆ ಸಂಬಳ ಕಂಪನಿಯದು, ಮಾರಿದ ಪೀಸಿಗೆ ಇಷ್ಟೆಂದು ಇನ್‌ಸೆಂಟಿವ್ ಕೂಡ ಕಂಪನಿಯದೇ. ನಾನು ನನ್ನ ವಿದ್ಯೆ ತೋರಿಸಲು, 'ಇವರ ಮನೆಯಲ್ಲಿ ಬೋರಿನ ನೀರು, ಪ್ರೆಷರ್ ಕಡಿಮೆ, ಇದು ನಡೆಯುತ್ತದೆಯೇ?' ಎಂದು ಕೇಳಿದೆ. 'ಎಲ್ಲಾ ನೀರಿಗೂ ನಡೆಯತ್ತೆ ಸಾರ್, ಇದು ಲೇಟೆಸ್ಟ್ ಟೆಕ್ನಾಲಜಿ' ಎಂದ. ನಾನು ಚಿಕ್ಕಮ್ಮನ ಕಡೆ ಗೆದ್ದವನಂತೆ ನೋಡಿದೆ. ಅವರು ನನ್ನನ್ನು ಗಮನಿಸಲೇ ಇಲ್ಲ. ಒಂದೊಂದು ಯಂತ್ರದ ಮುಚ್ಚಳ ತೆಗೆದು, ಗುಂಡಿ ಒತ್ತಿ, ಬಗ್ಗಿ ಬಟ್ಟೆ ತೆಗೆಯಲು ಎಟುಕುತ್ತದೆಯೇ ಎಂದು ಕೈ ಹಾಕಿ, ಚೀಟಿಯ ಬೆಲೆಯನ್ನು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಒಂದು ಗಂಟೆ ಕಳೆದರು. ಆ ಒಂದು ಗಂಟೆಯಲ್ಲಿ ಅವರನ್ನು 'ಎಷ್ಟರೊಳಗೆ ನೋಡ್ತಿದೀರಿ ಅಮ್ಮಾ?' ಎಂದು ಯಾರೂ ಕೇಳಲಿಲ್ಲ, 'ಮನೇಲಿ ಯಾರನ್ನಾದ್ರೂ ಕರ್ಕೊಂಡು ಬನ್ನಿ' ಎಂದು ಹೇಳಲಿಲ್ಲ.

ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟು: 'ನಿನ್ನ ಆ ಯಜಮಾನರು ಒಳ್ಳೆಯವರೇ ಇರಬಹುದು ಕಣೋ. ಆದರೆ ಅವರು ಮಾತಾಡೋದು ನಿನ್ನ ಜೊತೆ. ನಿನಗೆ ಒಂದು ಬೆಲೆ ಹೇಳ್ತಾರೆ, ನಾನು ಒಬ್ಬಳೇ ಹೋದರೆ ಇನ್ನೊಂದು ಹೇಳ್ತಾರೆ. ಇಲ್ಲಿ ಬೋರ್ಡ್ ಹಾಕಿದಾರೆ, ಎಲ್ಲರಿಗೂ ಒಂದೇ. ನನಗೆ ಚೌಕಾಸಿ ಮಾಡೋದು ಯಾವತ್ತೂ ಬಂದಿಲ್ಲ, ಈ ವಯಸ್ಸಲ್ಲಿ ಕಲಿಯೋಕೂ ಇಷ್ಟ ಇಲ್ಲ.'

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ನಮ್ಮ ಯಂತ್ರ ಕೊಂಡ ದಿನ ಪ್ರಶ್ನೆಗಳು ಯಾರ ಕಡೆಗೆ ಬಂದಿದ್ದವು, ಉತ್ತರಗಳು ಯಾರ ಬಳಿ ಇದ್ದವು ಎಂಬುದು ನನಗೆ ನೆನಪಿತ್ತು. ಪರಿಚಯದ ಅಂಗಡಿಯ ಸುಖ ಪರಿಚಯ ಇದ್ದವರಿಗೆ ಮಾತ್ರ. ಹೊಸದಾಗಿ ಬಡಾವಣೆಗೆ ಬಂದವರು, ಭಾಷೆ ಬಾರದವರು, ಒಂಟಿ ಹೆಂಗಸರು, ಮನೆಗೆಲಸಕ್ಕೆ ಬರುವವರು ಆ ವರ್ತುಲದ ಹೊರಗೇ ನಿಲ್ಲುತ್ತಾರೆ. ನಮ್ಮ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಗಳು ಫ್ರಿಜ್ ಕೊಂಡದ್ದು ಸರಣಿ ಮಳಿಗೆಯೊಂದರಲ್ಲಿ. ಅಲ್ಲಿನ ಫೈನಾನ್ಸ್ ಮೇಜಿನವನು ಆಧಾರ್, ಪ್ಯಾನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ನೋಡಿ ಕಂತು ಮಾಡಿಕೊಟ್ಟ. ಯಜಮಾನರ ಅಂಗಡಿಯಲ್ಲೂ ಸಾಲದ ಪುಸ್ತಕ ಇತ್ತು, ಆದರೆ ಅದರಲ್ಲಿ ಹೆಸರು ಬರೆಸಿಕೊಳ್ಳಲು ಬೇಕಾದದ್ದು ಕಾಗದಪತ್ರ ಅಲ್ಲ, ಬಡಾವಣೆಯಲ್ಲಿನ ಸ್ಥಾನಮಾನ. ಮೇಲೆ ನಾನು ಹಳಿದ ಕಂತಿನ ವ್ಯವಸ್ಥೆಯಲ್ಲಿ ಆಕೆ ಒಂದಿಷ್ಟು ಹೆಚ್ಚು ತೆತ್ತಿರುತ್ತಾಳೆ, ನಿಜ; ಅದಕ್ಕೆ ಪ್ರತಿಯಾಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಫ್ರಿಜ್ ತಂದಳು.

ಅಷ್ಟೇ ಅಲ್ಲ. ಚಿಕ್ಕ ಅಂಗಡಿಯಲ್ಲಿ ಮಾಲು ನಿಧಾನವಾಗಿ ಖರ್ಚಾಗುವುದರಿಂದ ಹಳೆಯ ದಾಸ್ತಾನು ತಗಲಿಕೊಳ್ಳುವ ಸಂಭವ ಹೆಚ್ಚು. ಇಂಧನ ದಕ್ಷತೆಯ ಸ್ಟಾರುಗಳ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತಿರುತ್ತಾರೆ. ಹಳೆಯ ಚೀಟಿಯ ಐದು ಸ್ಟಾರು ಹೊಸ ಲೆಕ್ಕದಲ್ಲಿ ನಾಲ್ಕೋ ಮೂರೋ ಆಗಿರಬಹುದು. ಸ್ಟಾರಿನ ಚೀಟಿಯ ಮೇಲಿನ ಅವಧಿಯನ್ನೂ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳನ್ನೂ ಓದಿ ನೋಡದೆ, 'ನಿಮಗೆ ಅಂತ ಈ ರೇಟು' ಎಂಬ ಮಾತಿಗೆ ಒಪ್ಪಬಾರದು. ಯಜಮಾನರ ಅಂಗಡಿಗೂ ಈ ಮಾತು ಸಲ್ಲುತ್ತದೆ, ಅವರಿಗೇ ಇದನ್ನು ಹೇಳಿದ್ದೇನೆ.

ಬಿಲ್ಲಿನಲ್ಲಿ ಇಲ್ಲದ ಸಾಲು

ಹಾಗಾದರೆ ಫೋಟೊ ತೆಗೆದುಕೊಂಡು ಹೋಗುವವರ ಮೇಲಿನ ನನ್ನ ಸಿಟ್ಟಿನಲ್ಲಿ ಹುರುಳಿಲ್ಲವೇ? ಇದೆ ಎಂದೇ ನನ್ನ ಭಾವನೆ, ಆದರೆ ಅದು ಅವರ ಮೇಲೆ ತೋರಿಸಬೇಕಾದದ್ದಲ್ಲ. ಮಹಡಿ ಎಷ್ಟು, ನೀರು ಯಾವುದು, ಮೀಟರಿನ ಲೋಡು ಸಾಲುತ್ತದೆಯೇ, ಎ.ಸಿ.ಯ ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಕೂರಿಸಬಹುದು, ಕಂಪನಿ ಕೊಡುವಷ್ಟು ತಾಮ್ರದ ಪೈಪು ಅಲ್ಲಿಗೆ ಮುಟ್ಟುತ್ತದೆಯೇ ಎಂಬುದನ್ನು ತಿಳಿದು ಹೇಳುವುದು ಒಂದು ಕೆಲಸ. ಆ ಕೆಲಸದ ಕೂಲಿ ಹಿಂದೆ ಯಂತ್ರದ ಬೆಲೆಯೊಳಗೆ ಸೇರಿಕೊಂಡಿರುತ್ತಿತ್ತು. ಯಂತ್ರದ ಬೆಲೆ ಎಲ್ಲರ ಫೋನಿನಲ್ಲೂ ಕಾಣುವ ಒಂದು ಅಂಕಿಯಾದ ಮೇಲೆ ಅದರೊಳಗೆ ಬೇರೇನನ್ನೂ ಸೇರಿಸಲು ಬರುವುದಿಲ್ಲ. ದೊಡ್ಡ ಮಳಿಗೆ ಆ ಕೆಲಸವನ್ನು ಕೈಬಿಟ್ಟಿದೆ. ಚಿಕ್ಕ ಅಂಗಡಿ ಅದನ್ನು ಬಿಟ್ಟಿಯಾಗಿ ಮಾಡುತ್ತಿದೆ, ಅದೂ ತನಗೆ ಬೇಕಾದವರಿಗೆ ಹೆಚ್ಚು, ಬೇಡವಾದವರಿಗೆ ಕಡಿಮೆ. ಬಿಟ್ಟಿಯಾಗಿ ಸಿಗುವುದು ಯಾವಾಗಲೂ ಹಂಗಿನ ರೂಪದಲ್ಲೇ ಸಿಗುತ್ತದೆ ಎಂಬುದೇ ಚಿಕ್ಕಮ್ಮನ ತಕರಾರಿನ ತಿರುಳು ಎಂದು ನನಗೆ ನಿಧಾನವಾಗಿ ಹೊಳೆಯಿತು. ಅದಕ್ಕೊಂದು ಬೆಲೆ ಕಟ್ಟಿ, ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ಮಾರಿದರೆ ಹಂಗೂ ಇಲ್ಲ, ತಾರತಮ್ಯವೂ ಇಲ್ಲ.

ಇದನ್ನು ಯಜಮಾನರ ಮುಂದೆ ಇಟ್ಟಾಗ ಅವರು ನಕ್ಕರು. 'ಮಷೀನ್ ಮಾರಿದ್ರೆ ನಮಗೆ ಉಳಿಯೋದೇ ಅಷ್ಟಕ್ಕಷ್ಟೆ ಸಾರ್. ಸ್ಟೆಬಿಲೈಸರ್, ಸ್ಟ್ಯಾಂಡು, ಪೈಪು ಇಂಥದ್ರಲ್ಲೇ ಜೀವನ. ಇನ್ನು ಮಾತಿಗೆ ದುಡ್ಡು ಕೇಳಿದ್ರೆ ಯಾರು ಕೊಡ್ತಾರೆ?' ಎಂದರು. ಮೆಕ್ಯಾನಿಕ್ ಮನೆಗೆ ಬಂದು ಬರೀ ನೋಡಿ ಹೋದರೂ ವಿಸಿಟಿಂಗ್ ಚಾರ್ಜು ಕೊಡುವುದಿಲ್ಲವೇ ಎಂದು ನಾನು ಕೇಳಿದೆ. ಅದು ಕೆಟ್ಟ ಮೇಲಿನ ಮಾತು, ಇದು ಕೊಳ್ಳುವ ಮೊದಲಿನ ಮಾತು ಎಂಬುದು ಅವರ ವಾದ. ಕೊಳ್ಳುವ ಮೊದಲು ಯಾರೂ ಹೆದರಿರುವುದಿಲ್ಲ ಎಂಬುದು ಅದರ ಅರ್ಥವಿರಬೇಕು. ಆದರೆ ಕೆಲವು ತಿಂಗಳ ನಂತರ ಅವರ ಹುಡುಗ, ಆನ್‌ಲೈನಿನಲ್ಲಿ ಕೊಂಡವರ ಮನೆಗೂ ಹೋಗಿ ಜಾಗ ನೋಡಿ, ಪ್ಲಂಬಿಂಗ್ ಮತ್ತು ವೈರಿಂಗ್ ಸರಿಮಾಡಿ ಬರಲು ಶುರುಮಾಡಿದ್ದ. ಅದರ ದರವನ್ನು ಒಂದು ಕಾಗದದ ಮೇಲೆ ಬರೆದು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದ್ದರು.

ಚಿಕ್ಕಮ್ಮನಿಗೆ ಈ ವಿಷಯ ತಿಳಿಸಿದೆ. ಅವರು ನನ್ನನ್ನು ಕರೆಯದೆ ತಾವೇ ಅಂಗಡಿಗೆ ಫೋನ್ ಮಾಡಿ ಹುಡುಗನನ್ನು ಮನೆಗೆ ಕರೆಸಿಕೊಂಡರು. ಅವನು ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ, ನೀರಿನ ಗಡಸು ಹೆಚ್ಚೆಂದು ಹೇಳಿ, ಪಂಪು ಹಾಕಿಸದೆ ಫ್ರಂಟ್ ಲೋಡ್ ತೆಗೆದುಕೊಳ್ಳಬೇಡಿ ಎಂದನಂತೆ. ಬಗ್ಗಲು ಕಷ್ಟವಾಗುವುದಾದರೆ ಟಾಪ್ ಲೋಡಿನಲ್ಲೇ ಆಳ ಕಡಿಮೆ ಇರುವುದನ್ನು ನೋಡಿಕೊಳ್ಳಿ ಎಂದೂ ಹೇಳಿದನಂತೆ. ಚಿ‌ಕ್ಕಮ್ಮ ಗೋಡೆಯ ಮೇಲೆ ಬರೆದಿದ್ದಷ್ಟನ್ನು ಕೊಟ್ಟು, ರಸೀದಿ ಕೇಳಿದರು. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಅಂಥದ್ದೊಂದು ಬಾಬು ಇರಲಿಲ್ಲವಾದ್ದರಿಂದ ಯಜಮಾನರು ಹಳೆಯ ಬಿಲ್ ಪುಸ್ತಕ ಹುಡುಕಿ ತೆಗೆದು, 'ಸ್ಥಳ ಪರಿಶೀಲನೆ' ಎಂದು ಕೈಯಲ್ಲೇ ಬರೆದು ಸಹಿ ಹಾಕಿ ಕಳಿಸಿದರು. ಯಂತ್ರವನ್ನು ಚಿಕ್ಕಮ್ಮ ದೊಡ್ಡ ಮಳಿಗೆಯಲ್ಲೇ, ಬೋರ್ಡಿನ ಮೇಲಿದ್ದ ಬೆಲೆಗೇ ಕೊಂಡರು. ಅದನ್ನು ಕೂರಿಸಲು ಯಜಮಾನರ ಹುಡುಗನೇ ಹೋಗಿದ್ದ, ಅದಕ್ಕೂ ರಸೀದಿ ಆಯಿತು.